ಸೊಂಟನೋವು, ಮೂತ್ರದ ಬಣ್ಣ ಮತ್ತು ನಮ್ಮ ನಾಚಿಕೆ

ಮದ್ರಸಕ್ಕೆ ಬರುವ ಸಣ್ಣ ಮಕ್ಕಳಿಗೆ ನಾವು ಮೊದಲು ಕಲಿಸುವ ಪಾಠಗಳಲ್ಲಿ ಶುದ್ಧಿಯದ್ದೂ ಒಂದು. ಫಿಕ್ಹ್ ಕಿತಾಬುಗಳು ಶುರುವಾಗುವುದೇ ತಹಾರತಿನಿಂದ. ಮೂತ್ರ ನಜಸ್, ಬಟ್ಟೆಗೆ ತಾಗಿದರೆ ತೊಳೆಯಬೇಕು, ನಿಂತ ನೀರಿಗೆ ಮಾಡಬಾರದು ಎಂದು ಯಾವ ಸಂಕೋಚವೂ ಇಲ್ಲದೆ ಹೇಳಿಕೊಡುತ್ತೇವೆ. ಆದರೆ ಅದೇ ಮೂತ್ರದ ಬಣ್ಣ ಬದಲಾದರೆ ಯಾರಿಗೆ ಹೇಳಬೇಕು, ಎಲ್ಲಿಗೆ ಹೋಗಬೇಕು ಎಂದು ನಾವು ಯಾರಿಗೂ ಕಲಿಸಿಲ್ಲ.

ನಮ್ಮ ಜಮಾತಿನ ಒಬ್ಬರು ಹದಿನೆಂಟು ವರ್ಷ ಸೌದಿಯಲ್ಲಿ ಕಟ್ಟಡ ಕೆಲಸ ಮಾಡಿದವರು. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ "ಸೊಂಟ ನೋವು ಉಸ್ತಾದ್, ಕೆಲಸದ್ದು" ಎನ್ನುತ್ತಿದ್ದರು. ನಾವು ನೀರು ಮಂತ್ರಿಸಿ ಕೊಟ್ಟೆವು, ದುಆ ಮಾಡಿದೆವು. ಅವರು ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ನುಂಗುತ್ತಾ ಇದ್ದರು. ಕಾಲು ಊದಿಕೊಂಡ ಮೇಲೆಯೇ ಆಸ್ಪತ್ರೆಗೆ ಹೋದದ್ದು. ಎರಡೂ ಕಡೆ ಕಲ್ಲು, ಕಿಡ್ನಿ ಸೋತಿತ್ತು. "ಮೂತ್ರ ಈ ಬಣ್ಣಕ್ಕೆ ಬಂದು ಎಷ್ಟು ದಿನ ಆಯ್ತು?" ಎಂದು ಡಾಕ್ಟರ್ ಕೇಳಿದರು. ಅವರು ತಲೆ ತಗ್ಗಿಸಿದರು. ತಿಂಗಳುಗಳಿಂದ ಚಹಾ ಕಣ್ಣಿಯ ಬಣ್ಣ ಇತ್ತಂತೆ, ಹೆಂಡತಿಗೂ ಹೇಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ನಾವೂ ತಲೆ ತಗ್ಗಿಸಿದೆವು. ಒಮ್ಮೆಯಾದರೂ ನಾವು ಕೇಳಿದ್ದೇವಾ? ಇಲ್ಲ. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್.

ಸೊಂಟ ನೋವೆಂದರೆಲ್ಲ ಕಿಡ್ನಿಯ ನೋವಲ್ಲ. ಹೆಚ್ಚಿನದ್ದು ಸ್ನಾಯುವಿನದ್ದು, ಬೆನ್ನುಮೂಳೆಯದ್ದು. ಬಗ್ಗಿದಾಗ, ಭಾರ ಎತ್ತಿದಾಗ ಜಾಸ್ತಿಯಾಗಿ ವಿಶ್ರಾಂತಿಯಲ್ಲಿ ಕಡಿಮೆಯಾಗುವುದು ಸಾಮಾನ್ಯವಾಗಿ ಅದೇ. ಕಿಡ್ನಿಯ ನೋವು ಪಕ್ಕೆಲುಬಿನ ಕೆಳಗೆ, ಬೆನ್ನಿನ ಒಂದು ಬದಿಯಲ್ಲಿ ಬರುವುದು ಹೆಚ್ಚು. ಕಲ್ಲಿನ ನೋವು ಅಲ್ಲಿಂದ ತೊಡೆಸಂದಿನವರೆಗೆ ಇಳಿಯುತ್ತದೆ, ಹೇಗೆ ಮಲಗಿದರೂ ಸಮಾಧಾನ ಇರುವುದಿಲ್ಲ, ವಾಂತಿಯೂ ಬರಬಹುದು. ಚಳಿಜ್ವರ, ಉರಿಮೂತ್ರ, ಬೆನ್ನುನೋವು ಮೂರೂ ಸೇರಿದರೆ ಸೋಂಕು ಕಿಡ್ನಿಗೆ ಏರಿರಬಹುದು. ಬೆನ್ನುನೋವಿನ ಜೊತೆ ಕಾಲು ಜೋಮು ಹಿಡಿದು ಮೂತ್ರವೇ ಕಟ್ಟಿದರೆ ಒಂದು ಗಂಟೆಯೂ ಕಾಯಬಾರದು.

ಬಣ್ಣದ ವಿಷಯವೂ ಹಾಗೆ. ತಿಳಿ ಹಳದಿಯಾದರೆ ಒಳ್ಳೆಯದು. ಗಾಢ ಹಳದಿಯಾದರೆ ಹೆಚ್ಚಾಗಿ ನೀರು ಸಾಲದು ಎಂದರ್ಥ. ಬೀಟ್‌ರೂಟ್ ತಿಂದರೆ ಕೆಂಪಾಗಬಹುದು, ವಿಟಮಿನ್ ಮಾತ್ರೆಗೆ ಕಡು ಹಳದಿಯಾಗಬಹುದು, ಟಿಬಿ ಔಷಧಿಗೆ ಕಿತ್ತಳೆಯಾಗಬಹುದು. ಆದರೆ ಕಾರಣ ಇಲ್ಲದೆ ಕೆಂಪು ಅಥವಾ ಚಹಾ ಬಣ್ಣ ಕಂಡರೆ, ನೋವಿಲ್ಲದಿದ್ದರೂ, ಒಂದೇ ಸಲ ಕಂಡು ನಿಂತುಹೋದರೂ ತೋರಿಸಲೇಬೇಕು. ಕಲ್ಲಿರಬಹುದು, ಗಡ್ಡೆಯೂ ಇರಬಹುದು. ಮಳೆಗಾಲದಲ್ಲಿ ನಮ್ಮ ಕರಾವಳಿಗೆ ಇಲಿಜ್ವರದ ಭಯ ಬೇರೆ ಇದೆ. ಗದ್ದೆ ತೋಟದ ಕೆಸರು ನೀರಿಗೆ ಇಳಿದವರಿಗೆ ಜ್ವರ, ಸೊಂಟ ಮತ್ತು ಮೀನಖಂಡದ ನೋವು, ಕಣ್ಣು ಹಳದಿ, ಮೂತ್ರ ಕಡುಬಣ್ಣ ಆದರೆ "ಕಾಮಾಲೆ, ನಾಟಿಮದ್ದು ಸಾಕು" ಎಂದು ಕೂರಬೇಡಿ. ಆ ಕಾಯಿಲೆ ಕಿಡ್ನಿಯನ್ನೂ ಲಿವರನ್ನೂ ಒಟ್ಟಿಗೆ ಹಿಡಿಯುತ್ತದೆ, ಬೇಗ ಹೋದರೆ ಔಷಧಿ ಇದೆ.

ಗಲ್ಫಿನಲ್ಲಿರುವ ಮಕ್ಕಳಿಗೆ ಫೋನಿನಲ್ಲಿ "ಊಟ ಆಯ್ತಾ" ಎಂದು ಕೇಳುತ್ತೇವೆ. "ನೀರು ಕುಡಿದಿಯಾ" ಎಂದೂ ಕೇಳೋಣ. ಸೌದಿ, ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನದ ಬಿಸಿಲಲ್ಲಿ ಹೊರಗೆ ದುಡಿಸಬಾರದು ಎಂಬ ನಿಯಮ ಇದೆ. ಆದರೆ ಉಳಿದ ಗಂಟೆಗಳ ಸೆಕೆಯೂ ಸಣ್ಣದಲ್ಲ. ಶೌಚಾಲಯ ದೂರ ಎಂದು ನೀರನ್ನೇ ಕಡಿಮೆ ಕುಡಿಯುವವರು ಎಷ್ಟೋ ಮಂದಿ. ಬೆವರಿ ಒಣಗಿದ ಮೈಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆ ದಿನಾ ಬಿದ್ದರೆ ಕಿಡ್ನಿಗೆ ಎರಡು ಕಡೆಯಿಂದ ಪೆಟ್ಟು. ಸಕ್ಕರೆ ಕಾಯಿಲೆ, ಬಿಪಿ ಇರುವವರು ಇನ್ನೂ ಜಾಗ್ರತೆ ಮಾಡಬೇಕು. ಕಿಡ್ನಿ ಹಾಳಾಗಲು ಬಹುದೊಡ್ಡ ಕಾರಣ ಅವೆರಡೇ.

ರಂಝಾನ್ ಬಂದಾಗ ಇನ್ನೊಂದು ಸಮಸ್ಯೆ. ಕಿಡ್ನಿ ಕಾಯಿಲೆ ಇದ್ದವರೂ "ಉಪವಾಸ ಬಿಟ್ಟರೆ ಜನ ಏನು ಹೇಳ್ತಾರೆ" ಎಂದು ಹಿಡಿಯುತ್ತಾರೆ. ರೋಗಿಗೆ ರಿಯಾಯಿತಿ ಕೊಟ್ಟದ್ದು ಜನ ಅಲ್ಲ, ಅಲ್ಲಾಹು. ಸೂರಃ ಅಲ್ ಬಕರಃದ 184 ಮತ್ತು 185ನೇ ಆಯತ್‌ಗಳಲ್ಲಿ ಅದು ಸ್ಪಷ್ಟವಾಗಿದೆ. ಸೊಂಟ ಹಿಡಿದು ನಿಲ್ಲಲಾಗದವರು ಕುಳಿತು ನಮಾಝ್ ಮಾಡಬಹುದು ಎಂದು ನಾವೇ ಪಾಠ ಮಾಡುತ್ತೇವೆ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಪ್ರವಾದಿಯವರು ಹೇಳಿದ್ದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಡವಾ? ದುಆ ಬೇಕು, ಮಂತ್ರಿಸಿದ ನೀರೂ ಇರಲಿ. ಅದರ ಜೊತೆ ಮೂತ್ರ ಪರೀಕ್ಷೆಯ ಚೀಟಿಯೂ ಇರಲಿ.

"ಪಳ್ಳಿಯಲ್ಲಿ ಮೂತ್ರದ ವಿಷಯ ಮಾತಾಡುವುದಾ ಉಸ್ತಾದ್?" ಎಂದು ಹಿರಿಯರೊಬ್ಬರು ಕೇಳಿದರು. ವುಝೂವಿನ ಮಸ್‌ಅಲ ಹೇಳುವಾಗ ಅದನ್ನೇ ಅಲ್ವಾ ಮಾತಾಡುವುದು? ಒಂಬೈನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇಬ್ನ್ ಸೀನಾ ತನ್ನ ವೈದ್ಯಗ್ರಂಥದಲ್ಲಿ ಮೂತ್ರದ ಬಣ್ಣಗಳ ಬಗ್ಗೆ ವಿವರವಾಗಿ ಬರೆದಿದ್ದರು. ನಾಚಿಕೆ ಈಮಾನಿನ ಭಾಗ, ನಿಜ. ಆದರೆ ಕಾಯಿಲೆ ಮುಚ್ಚಿಡುವುದು ಆ ನಾಚಿಕೆ ಅಲ್ಲ.

ಜಮಾತ್ ಕಮಿಟಿಗಳಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಮೂತ್ರ, ಕ್ರಿಯಾಟಿನಿನ್ ಪರೀಕ್ಷೆ ಇಡಿ, ರಜೆಯಲ್ಲಿ ಬಂದವರನ್ನು ಬಿಡಬೇಡಿ. ಮದುವೆ ಹಾಲ್ ಕಟ್ಟುವಾಗ ಹೆಂಗಸರಿಗೆ ಸಾಕಷ್ಟು ಶೌಚಾಲಯ ಇದೆಯಾ ನೋಡಿ. ಅದಿಲ್ಲವೆಂದೇ ನಮ್ಮ ಉಮ್ಮ, ತಂಗಿಯರು ಬೆಳಿಗ್ಗೆಯಿಂದ ನೀರು ಮುಟ್ಟದೆ ಕೂರುತ್ತಾರೆ. ಮದ್ರಸದಲ್ಲಿ ಕುಡಿಯುವ ನೀರು, ಬಾಗಿಲು ಹಾಕಲು ಬರುವ ಶೌಚಾಲಯ ಇರಲಿ.

ಉಸ್ತಾದರಾದ ನಮಗೂ ಒಂದು ಮಾತು. ಮಗು ಬೆರಳೆತ್ತಿದಾಗ "ಪಾಠ ಮುಗಿಯಲಿ, ಕೂತ್ಕೋ" ಎಂದು ಎಷ್ಟು ಸಲ ಹೇಳಿದ್ದೇವೆ! ಮೂತ್ರ ಒತ್ತಿಕೊಂಡು ನಮಾಝಿಗೆ ನಿಲ್ಲುವುದೇ ಕರಾಹತ್ ಎಂದು ಕಲಿಸಿದ ನಾವೇ ಮಗುವನ್ನು ಒತ್ತಿಕೊಂಡು ಕೂರಿಸಿದ್ದೇವೆ. ಹಾಗೆ ಕೂತು ಕಲಿತ ಮಗುವೇ ನಾಳೆ ದೊಡ್ಡವನಾಗಿ ಚಹಾ ಬಣ್ಣದ ಮೂತ್ರ ಕಂಡರೂ ಸುಮ್ಮನಿರುತ್ತಾನೆ. ಬೆರಳೆತ್ತಿದವನನ್ನು ಹೋಗಲು ಬಿಡೋಣ, ಬಂದ ಮೇಲೆ ಒಂದು ಲೋಟ ನೀರು ಕೊಡೋಣ.