ಕಿಚನ್ ಐಲ್ಯಾಂಡ್: ಗ್ರಾನೈಟ್‌ನ ಮೂರನೇ ಒಂದು ಭಾಗ ಹೊರಚಾಚಿದರೆ ನಿಜವಾಗಿಯೂ ಸುರಕ್ಷಿತವೇ?

'ಕಲ್ಲಿನ ಒಟ್ಟು ಅಗಲದಲ್ಲಿ ಮೂರನೇ ಎರಡು ಭಾಗ ಕ್ಯಾಬಿನೆಟ್ ಮೇಲಿದ್ದರೆ ಸಾಕು, ಉಳಿದದ್ದು ಗಾಳಿಯಲ್ಲಿದ್ದರೂ ಏನೂ ಆಗದು.' ಹೊಸ ಮನೆ ಕಟ್ಟಿಸುವವರ ಗುಂಪುಗಳಲ್ಲಿ ಹೀಗೊಂದು ಸಲಹೆ ಫಾರ್ವರ್ಡ್ ಆಗುತ್ತಿರುತ್ತದೆ. ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಆದರೆ ಐಲ್ಯಾಂಡ್ ಅಂಚಿನಲ್ಲಿ ಸ್ಟೂಲ್ ಹಾಕಿ ಮಕ್ಕಳನ್ನು ಕೂರಿಸುವ ಮನೆಯಲ್ಲಿ ಬಿಟ್ಟುಹೋದ ಇನ್ನರ್ಧವೇ ಮುಖ್ಯ.

ಮೂಲ ನಿಯಮದಲ್ಲಿ ಎರಡು ಷರತ್ತುಗಳಿವೆ. ಅಮೆರಿಕದ ನ್ಯಾಚುರಲ್ ಸ್ಟೋನ್ ಇನ್‌ಸ್ಟಿಟ್ಯೂಟ್‌ನ ಮಾರ್ಗಸೂಚಿಯಂತೆ ಆಧಾರವಿಲ್ಲದ ಹೊರಚಾಚು ಒಟ್ಟು ಅಗಲದ ಮೂರನೇ ಒಂದು ಭಾಗ ದಾಟಬಾರದು. ಜೊತೆಗೆ 20 ಮಿ.ಮೀ. ಕಲ್ಲಿಗೆ 6 ಇಂಚು, 30 ಮಿ.ಮೀ. ಕಲ್ಲಿಗೆ 10 ಇಂಚನ್ನೂ ದಾಟಬಾರದು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಫಾರ್ವರ್ಡ್‌ನಲ್ಲಿ ಮೊದಲನೆಯದು ಉಳಿದು ಎರಡನೆಯದು ಉದುರಿಹೋಗಿದೆ.

ಒಂದು ಲೆಕ್ಕ ಹಾಕೋಣ. ಕ್ಯಾಬಿನೆಟ್ ಬಾಗಿಲೂ ಹಿಂಬದಿಯ ಹಲಗೆಯೂ ಸೇರಿ ಸುಮಾರು 600 ಮಿ.ಮೀ. ಆಳ. ಅಡುಗೆ ಮಾಡುವ ಕಡೆ 30 ಮಿ.ಮೀ., ಕೂರುವ ಕಡೆ 300 ಮಿ.ಮೀ. ಹೊರಚಾಚು ಎಂದಿಟ್ಟುಕೊಳ್ಳಿ. ಕಲ್ಲಿನ ಒಟ್ಟು ಅಗಲ 930 ಮಿ.ಮೀ. ಅದರ ಮೂರನೇ ಒಂದು ಭಾಗ 310, ಹಾಗಾಗಿ ಫಾರ್ವರ್ಡ್ ಪ್ರಕಾರ ಪಾಸು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 18ರಿಂದ 20 ಮಿ.ಮೀ. ಗ್ರಾನೈಟ್‌ಗೆ ಮಾತ್ರ ಇದು ಮಿತಿಯ ದುಪ್ಪಟ್ಟು. 30 ಮಿ.ಮೀ. ಕಲ್ಲೂ ಇಲ್ಲಿ ಆಧಾರವಿಲ್ಲದೆ ಸಲ್ಲದು.

ಸಮತೋಲದ ವಿಷಯದಲ್ಲಾದರೂ ಮೂರನೇ ಒಂದು ಭಾಗದ ನಿಯಮ ಕಾಪಾಡುತ್ತದೆಯೇ? 1600 ಮಿ.ಮೀ. ಉದ್ದ, 20 ಮಿ.ಮೀ. ದಪ್ಪದ ಈ ಕಲ್ಲಿನ ತೂಕ ಸುಮಾರು 80 ಕೆ.ಜಿ. ಅದರ ಭಾರಕೇಂದ್ರ ಕ್ಯಾಬಿನೆಟ್ ಅಂಚಿನಿಂದ 16.5 ಸೆಂ.ಮೀ. ಒಳಗಿದೆ. 80 ಗುಣಿಸು 16.5 ಅಂದರೆ 1320. ಹಬ್ಬದ ದಿನ ಫ್ಯಾನ್ ಒರೆಸಲೆಂದೋ, ಹರಟೆಗೆಂದೋ 70 ಕೆ.ಜಿ. ತೂಕದವರೊಬ್ಬರು ತುದಿಯಲ್ಲಿ ಕುಳಿತರು ಅನ್ನಿ. 70 ಗುಣಿಸು 30, ಅಂದರೆ 2100. ಕಲ್ಲನ್ನು ಬರೀ ಇಟ್ಟಿದ್ದರೆ ಅದು ಏತದಂತೆ ಮೇಲೇಳುತ್ತದೆ! ಅಂಟು ಮತ್ತು ಕೆಳಗಿನ ಕ್ಯಾಬಿನೆಟ್‌ನ ತೂಕ ಅದನ್ನು ಹಿಡಿದಿಡುತ್ತವೆ. ಆ ನಿಯಮ ಕಲ್ಲು ತನ್ನದೇ ಭಾರಕ್ಕೆ ಮಗುಚದಂತೆ ನೋಡಿಕೊಳ್ಳುತ್ತದೆ, ಮನುಷ್ಯರ ಭಾರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗ್ರಾನೈಟ್ ಒಡೆಯುವುದಾದರೂ ಯಾಕೆ? ಇಳಕಲ್ಲಿನ ಕೆಂಪಿರಲಿ, ಚಾಮರಾಜನಗರದ ಕಪ್ಪಿರಲಿ, ಗ್ರಾನೈಟ್ ಅದುಮುವ ಬಲಕ್ಕೆ ಅಸಾಧ್ಯ ಗಟ್ಟಿ. ಬಾಗಿಸಿದರೆ ಮಾತ್ರ ಅದರ ಶಕ್ತಿ ಸುಮಾರು ಹತ್ತರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ತುದಿಯಲ್ಲಿ ಭಾರ ಬಿದ್ದಾಗ ಮೇಲ್ಮೈ ಹಿಗ್ಗಲು ನೋಡುತ್ತದೆ, ಬಿರುಕು ಕ್ಯಾಬಿನೆಟ್ ಅಂಚಿನ ನೇರಕ್ಕೆ ಮೇಲಿನಿಂದಲೇ ಶುರುವಾಗುತ್ತದೆ. ಮರದಂತೆ ಕಿರುಗುಟ್ಟಿ ಎಚ್ಚರಿಸುವುದಿಲ್ಲ, ಒಮ್ಮೆಲೇ ತುಂಡಾಗುತ್ತದೆ. ಕೆಳಗೆ ಸ್ಟೂಲ್ ಮೇಲೆ ಕುಳಿತವರ ತೊಡೆ, ಕಾಲು ಇರುತ್ತವೆ.

ಬಾಗುವಿಕೆ ತಡೆಯುವ ಶಕ್ತಿ ದಪ್ಪದ ವರ್ಗದಂತೆ ಏರುತ್ತದೆ. 20ರ ಬದಲು 30 ಮಿ.ಮೀ. ಹಾಕಿದರೆ ಒಂದೂವರೆ ಪಟ್ಟಲ್ಲ, 2.25 ಪಟ್ಟು ಬಲ. ಇಲ್ಲೊಂದು ಮೋಸವಿದೆ, ಯಾರೂ ಬೇಕೆಂದು ಮಾಡುವುದಲ್ಲ. ಅಂಚಿಗೆ ಇನ್ನೊಂದು ಪಟ್ಟಿ ಅಂಟಿಸಿ 'ಡಬಲ್ ಮೋಲ್ಡಿಂಗ್' ಮಾಡಿದ ಕಲ್ಲು ನೋಡಲು 36 ಮಿ.ಮೀ. ಕಾಣುತ್ತದೆ. ಆದರೆ ಒತ್ತಡ ಬೀಳುವ ಕ್ಯಾಬಿನೆಟ್ ಅಂಚಿನ ಬಳಿ ಅದು ಅದೇ 18 ಮಿ.ಮೀ. ಬಲ ಒಂದಿಷ್ಟೂ ಹೆಚ್ಚಿಲ್ಲ, ತುದಿಗೆ ತೂಕ ಮಾತ್ರ ಸೇರಿಕೊಂಡಿದೆ. ಅಂಗಡಿಯಲ್ಲಿ ದಪ್ಪ ಅಳೆಯುವಾಗ ಮೋಲ್ಡಿಂಗ್ ಇಲ್ಲದ ಜಾಗದಲ್ಲಿ ಅಳೆಯಿರಿ.

ಹಾಗಂತ 6 ಇಂಚಿಗೆ ನಿಲ್ಲಿಸಿದರೆ ಮಂಡಿ ಹಲಗೆಗೆ ಬಡಿಯುತ್ತದೆ. ಅಮೆರಿಕದ ಎನ್‌ಕೆಬಿಎ ಮಾರ್ಗಸೂಚಿಯಂತೆ 36 ಇಂಚು ಎತ್ತರದ ಕಟ್ಟೆಯಲ್ಲಿ ಮಂಡಿಗೆ 15 ಇಂಚು ಆಳ ಬೇಕು, 42 ಇಂಚಿನ ಬಾರ್ ಎತ್ತರದಲ್ಲಿ 12 ಇಂಚು ಸಾಕು. ನಮ್ಮ ಕಟ್ಟೆಗಳು ಸಾಮಾನ್ಯವಾಗಿ 32ರಿಂದ 34 ಇಂಚು. ಕುಳಿತು ಉಣ್ಣಬೇಕೆಂದರೆ ಬ್ರಾಕೆಟ್ ಬೇಕೇಬೇಕು.

ಬ್ರಾಕೆಟ್ ಅಂದರೆ ಉಕ್ಕಿನ ಪಟ್ಟಿ, ಸುಮಾರು ಎರಡಡಿಗೊಂದು, ಹೊರಚಾಚಿನ ಮೂರನೇ ಎರಡು ಭಾಗದವರೆಗಾದರೂ ತಲುಪುವಂತಿರಬೇಕು. ಅದನ್ನು ಕ್ಯಾಬಿನೆಟ್‌ನ ತೆಳು ಹಿಂಬದಿ ಶೀಟಿಗೆ ಸ್ಕ್ರೂ ಮಾಡಿದರೆ ಕಿತ್ತು ಬರುತ್ತದೆ. ಒಳಗೆ ದಪ್ಪ ಪ್ಲೈವುಡ್ ಚೌಕಟ್ಟು ಬೇಕು, ಕ್ಯಾಬಿನೆಟ್ ನೆಲಕ್ಕೆ ಬಿಗಿದಿರಬೇಕು. ಗೋಡೆಯ ಆಸರೆಯಿಲ್ಲದ ಐಲ್ಯಾಂಡ್‌ಗೆ ಇದು ಕಡ್ಡಾಯ.

ಇನ್ನು ಅಳತೆ. ಒಬ್ಬರು ಕೂರಲು 24 ಇಂಚು ಅಗಲ ಬೇಕು. 900 ಮತ್ತು 600 ಮಿ.ಮೀ. ಯೂನಿಟ್ ಜೋಡಿಸಿದರೆ 1500, ಎರಡು ಬದಿಯ ಹಲಗೆಗೆ 36, ಎರಡೂ ತುದಿಗೆ 30ರಂತೆ ಹೊರಚಾಚು ಸೇರಿ ಕಲ್ಲು ಸುಮಾರು 1600 ಮಿ.ಮೀ. ಇಬ್ಬರು ಆರಾಮವಾಗಿ ಕೂರಬಹುದು, ಮೂರನೆಯವರಿಗೆ ಮೊಣಕೈ ತಾಗುತ್ತದೆ. ಯೂನಿಟ್‌ಗಳ ಮೊತ್ತಕ್ಕೇ ಕಲ್ಲು ಕತ್ತರಿಸಲು ಹೇಳಿ ಈ 100 ಮಿ.ಮೀ. ಮರೆಯುವವರು ಬಹಳ.

ಜಾಗ ಎಷ್ಟು ಬೇಕು? ಗೋಡೆಯ ಕಟ್ಟೆ 24 ಇಂಚು, ನಡುವೆ ಅಡುಗೆಯವರು ತಿರುಗಲು 42, ಐಲ್ಯಾಂಡ್ 37, ಸ್ಟೂಲ್ ಹಿಂದೆ 32. ಒಟ್ಟು 135 ಇಂಚು, ಅಂದರೆ ಹನ್ನೊಂದೂಕಾಲು ಅಡಿ. ಸ್ಟೂಲ್ ಹಿಂದೆ ಜನ ಓಡಾಡುವಂತಿದ್ದರೆ 32ರ ಬದಲು 44 ಇಂಚು ಬೇಕು, ಆಗ ಹನ್ನೆರಡೂಕಾಲು ಅಡಿ. ಹತ್ತಡಿಯ ಅಡುಗೆಮನೆಗೆ ಐಲ್ಯಾಂಡ್ ಬೇಡವೇ ಬೇಡ, ಗೋಡೆಗೆ ಮಡಚುವ ಮೇಜು ಸಾಕು.

ಐಲ್ಯಾಂಡ್‌ನಲ್ಲೇ ಒಲೆ ಅಥವಾ ಸಿಂಕ್ ಕೂರಿಸುವುದಾದರೆ ಕತ್ತರಿಸಿದ ಕಿಂಡಿಯ ಮೂಲೆಗಳೇ ಬಿರುಕಿನ ತವರು. ಚೂಪು ಮೂಲೆ ಬಿಡದೆ ದುಂಡಾಗಿ ಕೊರೆಯಿಸಿ. ಎರಡು ಕಲ್ಲು ಸೇರುವ ಜಾಯಿಂಟ್ ಹೊರಚಾಚಿನಲ್ಲಿ ಬಂದರೆ ಅದರ ಕೆಳಗೇ ಒಂದು ಬ್ರಾಕೆಟ್ ಹಾಕಿಸಿ. ಬ್ರಾಕೆಟ್‌ಗಳ ಜಾಗ ಕಲ್ಲು ಮನೆಗೆ ಬರುವ ಮೊದಲೇ ಗುರುತಾಗಿರಲಿ, ಕಲ್ಲು ಅಂಟಿದ ಮೇಲೆ ಕೆಳಗಿನಿಂದ ಅವನ್ನು ಬಿಗಿಯಾಗಿ ಕೂರಿಸುವುದು ಬಡಗಿಗೂ ಕಷ್ಟ.