‘ಗ್ಯಾಪ್ ಯಾಕೆ?’ ಅಂತ ಕೇಳೋರಿಗೆ...

‘ಬಿಎಸ್ಸಿ ಕೊನೆಯ ಸೆಮಿಸ್ಟರ್ ಆದ್ಮೇಲೆ ಒಂದೂವರೆ ವರ್ಷ ಏನು ಮಾಡ್ತಿದ್ರಿ?’

ಕಳೆದ ತಿಂಗಳು ಸಂದರ್ಶನವೊಂದರಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆಯೇ ಇದು. ಬಾಕಿ ಉಳಿದಿದ್ದ ಎರಡು ವಿಷಯ ಪಾಸು ಮಾಡಿಕೊಳ್ಳುತ್ತಿದ್ದೆ ಎನ್ನಲು ನಾಚಿಕೆಯಾಗಿ ತಡವರಿಸಿದೆ. ಕೆಲಸ ಸಿಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನೆನಪಾಗಿದ್ದು, ಬಾಕಿಯಿದ್ದ ಕಾರಣಕ್ಕೇ ಎರಡೆರಡು ಸಲ ಓದಿದ ಜೀವಕೋಶದ ಪಾಠ.

ನಮ್ಮ ಒಂದೊಂದು ಜೀವಕೋಶದ ಡಿಎನ್‌ಎಗೂ ದಿನಕ್ಕೆ ಸಾವಿರಾರು ಪೆಟ್ಟು ಬೀಳುತ್ತವೆ. ಬಹುಪಾಲು ಅಲ್ಲಲ್ಲೇ ರಿಪೇರಿಯಾಗುತ್ತವೆ. ಆದರೆ ಡಿಎನ್‌ಎಯ ಎರಡೂ ಎಳೆ ತುಂಡಾದರೆ ಎಟಿಎಂ ಎಂಬ ಪ್ರೋಟೀನ್ (ದುಡ್ಡು ಕೊಡುವ ಯಂತ್ರವಲ್ಲ!) ಎಚ್ಚರಿಕೆ ಕೊಡುತ್ತದೆ. ಆಗ ಪಿ53 ಎಂಬ ಇನ್ನೊಂದು ಪ್ರೋಟೀನ್ ಹೆಚ್ಚಾಗಿ, ಕೋಶ ವಿಭಜನೆಗೆ ತಡೆ ಹಾಕುತ್ತದೆ. ಮೊದಲು ರಿಪೇರಿ, ಆಮೇಲೆ ಮುಂದಿನ ಹೆಜ್ಜೆ. ಸರಿಹೋಗದಷ್ಟು ಹಾನಿಯಾಗಿದ್ದರೆ ಕೋಶ ತಾನೇ ಸಾಯುವಂತೆ ಮಾಡುವುದೂ ಉಂಟು. 1992ರಲ್ಲಿ ವಿಜ್ಞಾನಿ ಡೇವಿಡ್ ಲೇನ್ ಇದನ್ನು ‘ಜೀನೋಮ್‌ನ ಕಾವಲುಗಾರ’ ಎಂದು ಕರೆದರು. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪಿ53 ಜೀನ್ ಕೆಟ್ಟಿರುತ್ತದೆ. ನಿಲ್ಲಬೇಕಾದಲ್ಲಿ ನಿಲ್ಲದಿದ್ದರೆ ಬೆಲೆ ಅಷ್ಟು ದೊಡ್ಡದು.

ಇಷ್ಟು ಹೇಳಿ, ‘ನಿಂತವರನ್ನು ಸೋತವರೆನ್ನಬೇಡಿ’ ಎಂದು ಮುಗಿಸಬಹುದಿತ್ತು. ಆದರೆ ಪಾಠದ ಉಳಿದರ್ಧ ನನ್ನ ಕಿವಿಯನ್ನೇ ಹಿಂಡುತ್ತದೆ. ಮಾಮೂಲಿ ದಿನಗಳಲ್ಲಿ ಎಂಡಿಎಂ2 ಎಂಬ ಪ್ರೋಟೀನ್, ಪಿ53 ತಯಾರಾಗುತ್ತಿದ್ದಂತೆಯೇ ಅದನ್ನು ನಾಶಕ್ಕೆ ಕಳಿಸುತ್ತಿರುತ್ತದೆ. ತಮಾಷೆಯೆಂದರೆ, ಪಿ53 ಎದ್ದು ನಿಂತಾಗ ಈ ಎಂಡಿಎಂ2 ಅನ್ನು ಹೆಚ್ಚು ಮಾಡಿಸುವುದೂ ಅದೇ! ತನ್ನ ಲಗಾಮನ್ನು ತಾನೇ ಹೊಸೆದುಕೊಂಡ ಹಾಗೆ. 1995ರಲ್ಲಿ ವರದಿಯಾದ ಪ್ರಯೋಗಗಳಲ್ಲಿ, ಎಂಡಿಎಂ2 ಜೀನ್ ತೆಗೆದ ಇಲಿಗಳು ಭ್ರೂಣಾವಸ್ಥೆಯಲ್ಲೇ ಸತ್ತವು. ಪಿ53 ಜೀನನ್ನೂ ತೆಗೆದಾಗ ಬದುಕಿದವು. ಹಿಡಿತವಿಲ್ಲದ ಕಾವಲುಗಾರನೂ ಅಪಾಯವೇ.

ನನ್ನ ಎರಡೂ ವಿಷಯ ಆರೇ ತಿಂಗಳಲ್ಲಿ ಪಾಸಾಗಿದ್ದವು. ಉಳಿದ ಒಂದು ವರ್ಷ ‘ಇನ್ನೂ ತಯಾರಾಗಿಲ್ಲ’ ಎನ್ನುತ್ತಾ ಒಂದೂ ಅರ್ಜಿ ಹಾಕಲಿಲ್ಲ. ಅಪ್ಪ ಕೇಳಿದಾಗಲೆಲ್ಲ ‘ಓದ್ತಿದೀನಿ’ ಎಂದೆ. ಅದು ರಿಪೇರಿ ಆಗಿರಲಿಲ್ಲ, ಭಯ.

ಸಂದರ್ಶನ ಮಾಡುವವರಲ್ಲಿ ಒಂದು ಮನವಿ. ‘ಗ್ಯಾಪ್ ಯಾಕೆ?’ ಎನ್ನುವ ಬದಲು ‘ಆಗ ಏನು ಸರಿಮಾಡಿಕೊಂಡಿರಿ?’ ಎಂದು ಕೇಳಿ. ನನ್ನಂಥ ಗೆಳೆಯರೇ, ನಿಲ್ಲಲು ಹೆದರಬೇಡಿ. ಆದರೆ ನಿಂತ ದಿನವೇ, ಮತ್ತೆ ಹೊರಡುವ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ.

ಸೋಮವಾರ ಮತ್ತೊಂದು ಸಂದರ್ಶನವಿದೆ. ಆರು ತಿಂಗಳ ಲೆಕ್ಕವನ್ನು ತಲೆಯೆತ್ತಿ ಹೇಳುತ್ತೇನೆ. ಉಳಿದ ಒಂದು ವರ್ಷದ್ದನ್ನೂ ಮುಚ್ಚಿಡುವುದಿಲ್ಲ.