ಬೀದರ್‌–ಮಂಗಳೂರು: ದೂರವನ್ನು ಗಂಟೆಗಳಲ್ಲಿ ಅಳೆಯಬೇಕಿದೆ

ರಾಜ್ಯದ ಈಶಾನ್ಯ ತುದಿಯ ಬೀದರಿಗೂ ನೈರುತ್ಯದ ಬಂದರು ನಗರ ಮಂಗಳೂರಿಗೂ ನೇರ ಗಗನರೇಖೆಯ ದೂರ ಸುಮಾರು 620 ಕಿ.ಮೀ. ರಸ್ತೆಯಲ್ಲಿ ಅದು 800 ಕಿ.ಮೀ. ಆಸುಪಾಸಿಗೆ ಬೆಳೆಯುತ್ತದೆ. ಕಾರಿನಲ್ಲಿ ಹದಿನೈದು ಗಂಟೆಗೆ ಕಡಿಮೆಯಿಲ್ಲ. ಸರಕು ತುಂಬಿದ ಲಾರಿಗೆ ಎರಡು ದಿನಗಳ ಲೆಕ್ಕವಿಡುವುದೇ ಕ್ಷೇಮ. ಒಂದೇ ರಾಜ್ಯದೊಳಗಿನ ಈ ಅಂತರವು ವರ್ತಕನ ಖರ್ಚಿನ ಪುಸ್ತಕದಲ್ಲಿ ನೇರವಾಗಿ ದಾಖಲಾಗುತ್ತದೆ.

ವಿಮಾನ ಸಂಪರ್ಕವು ಈ ಸಮಸ್ಯೆಯನ್ನು ಬಗೆಹರಿಸುವುದೆಂಬ ನಿರೀಕ್ಷೆ ಸಹಜವೇ. ಆದರೆ ಈ ಎರಡು ಊರುಗಳ ನಡುವೆ ನೇರ ವಿಮಾನವಿಲ್ಲ. ಬೆಂಗಳೂರಿನ ಮೂಲಕ ಹೋದರೆ ಆಕಾಶದಲ್ಲಿ ಕಳೆಯುವ ಅವಧಿ ಎರಡು ಗಂಟೆಗಿಂತ ತುಸು ಹೆಚ್ಚು ಮಾತ್ರ. ನಿಲ್ದಾಣಕ್ಕೆ ಮುಂಚಿತವಾಗಿ ತಲುಪುವುದು, ಬೆಂಗಳೂರಿನಲ್ಲಿ ಕಾಯುವುದು, ಬಜ್ಪೆಯಿಂದ ಪೇಟೆಗೆ ಇಳಿಯುವುದು ಇವೆಲ್ಲ ಸೇರಿದರೆ ಏಳೆಂಟು ಗಂಟೆಗಳಾಗುತ್ತವೆ. ರಸ್ತೆಯಲ್ಲಿ ಸುಮಾರು ಮೂರು ಗಂಟೆ ಪ್ರಯಾಣಿಸಿ ಹೈದರಾಬಾದಿನ ಶಂಷಾಬಾದ್‌ ನಿಲ್ದಾಣ ಸೇರಿ, ಅಲ್ಲಿಂದ ಮಂಗಳೂರಿನ ನೇರ ವಿಮಾನ ಹಿಡಿದರೂ ಹೆಚ್ಚುಕಡಿಮೆ ಅಷ್ಟೇ ಕಾಲ. ಬೀದರಿನ ಉದ್ಯಮಿಗೆ ಸ್ವಂತ ರಾಜ್ಯದ ಬಂದರಿನ ದಾರಿ ನೆರೆರಾಜ್ಯದ ಮೂಲಕವೂ ಅಷ್ಟೇ ಹತ್ತಿರವೆಂಬುದು ಯೋಚಿಸತಕ್ಕ ವಿಷಯ.

ವೇಗಕ್ಕಿಂತಲೂ ಮುಖ್ಯವಾದುದು ಭರವಸೆ. ಬೀದರ್‌–ಬೆಂಗಳೂರು ವಿಮಾನ ಸೇವೆ 2020ರ ಫೆಬ್ರವರಿಯಲ್ಲಿ ಆರಂಭವಾಗಿ ನಿಂತಿತು. 2022ರಲ್ಲಿ ಮರಳಿ ಬಂದು 2023ರ ಅಂತ್ಯಕ್ಕೆ ಮತ್ತೆ ನಿಂತಿತು. 2025ರ ಏಪ್ರಿಲ್‌ನಲ್ಲಿ ಪುನಃ ಚಾಲನೆ ಪಡೆಯಿತು. ಉಡಾನ್‌ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸಹಾಯಧನ ದೊರೆಯುವುದು ಸಾಮಾನ್ಯವಾಗಿ ಮೂರು ವರ್ಷ. ಅಷ್ಟರೊಳಗೆ ಆಸನಗಳು ತುಂಬದಿದ್ದರೆ ಸೇವೆ ಉಳಿಯುವುದು ಕಷ್ಟ. ಸೇವೆ ಉಳಿಯುವುದೆಂಬ ನಂಬಿಕೆಯಿಲ್ಲದಿದ್ದರೆ ವರ್ತಕರು ಅದನ್ನು ನೆಚ್ಚಿ ವ್ಯವಹಾರ ಕುದುರಿಸುವುದಿಲ್ಲ. ಈ ವಿಷವರ್ತುಲವನ್ನು ಮುರಿಯುವುದರಲ್ಲಿ ವಾಣಿಜ್ಯ ಸಂಸ್ಥೆಗಳಿಗೂ ಹೊಣೆಯಿದೆ. ಸದಸ್ಯರ ಮಾಸಿಕ ಪ್ರಯಾಣದ ಅಂದಾಜನ್ನು ಸಂಗ್ರಹಿಸಿ ವಿಮಾನ ಸಂಸ್ಥೆಗಳ ಮುಂದಿಟ್ಟರೆ, ಬರಿಯ ಮನವಿ ಪತ್ರಕ್ಕಿಂತ ಅದಕ್ಕೆ ಹೆಚ್ಚಿನ ತೂಕವಿರುತ್ತದೆ.

ಸರಕಿನ ಮಾತೇ ಬೇರೆ. ಎಪ್ಪತ್ತೆಂಬತ್ತು ಆಸನಗಳ ವಿಮಾನದಲ್ಲಿ ಮಾದರಿಗಳು, ಯಂತ್ರದ ಬಿಡಿಭಾಗಗಳು ಸಾಗಬಹುದೇ ಹೊರತು ತೊಗರಿಬೇಳೆಯ ಮೂಟೆಗಳಲ್ಲ. ಅವುಗಳಿಗೆ ಲಾರಿಯೇ ಗತಿ, ಲಾರಿಗೆ ಘಟ್ಟವೇ ಪರೀಕ್ಷೆ. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲ. ಶಿರಾಡಿ ಘಾಟಿಯಲ್ಲಿ ಮಳೆಗಾಲದ ಗುಡ್ಡಕುಸಿತ ಹೊಸತಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದುದಲ್ಲದೆ, ಕರಾವಳಿಯ ರಾಷ್ಟ್ರೀಯ ಹೆದ್ದಾರಿಯೂ ದಿನಗಟ್ಟಲೆ ಮುಚ್ಚಿತು. ಹಡಗು ಹೊರಡುವ ದಿನ ತಪ್ಪಿದರೆ ಸಣ್ಣ ರಫ್ತುದಾರನಿಗೆ ಆಗುವ ನಷ್ಟವನ್ನು ಯಾವ ಸಹಾಯಧನವೂ ತುಂಬಿಕೊಡದು.

ಆದುದರಿಂದ ಬೇಡಿಕೆಗಳ ಕ್ರಮ ಬದಲಾಗಬೇಕು. ಮೊದಲನೆಯದು, ವರ್ಷವಿಡೀ ಲಾರಿ ಸಾಗಬಲ್ಲ ಘಟ್ಟದ ರಸ್ತೆ. ಎರಡನೆಯದು, ಬೆಂಗಳೂರಿನಲ್ಲಿ ಮುಂದಿನ ವಿಮಾನಕ್ಕೆ ಹೊಂದುವ ವೇಳಾಪಟ್ಟಿ. ಮೂರನೆಯದು, ಕನಿಷ್ಠ ಐದು ವರ್ಷ ಮುಂದುವರಿಯುವ ಸೇವೆಯ ಖಾತರಿ. ಹೊಸ ನಿಲ್ದಾಣಗಳ ಉದ್ಘಾಟನೆ ಇವುಗಳ ನಂತರದ ಮಾತು. ವ್ಯಾಪಾರಕ್ಕೆ ಬೇಕಾದುದು ಹೇಳಿದ ಹೊತ್ತಿಗೆ ತಲುಪಿಸುವ ದಾರಿ.